ಏಣಿಯಿಂದ ಬಿದ್ದು ಮಣಿಕಟ್ಟು ಮುರಿದಿದೆ: ಪಿಓಪಿ ಸಾಕಾ, ಪ್ಲೇಟ್ ಬೇಕಾ, ನಾಟಿ ಕಟ್ಟು ಹಾಕಿಸಬಹುದಾ?

ಮೂಡಿಗೆರೆ_ಮೆಣಸು
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ, ತಿಳಿದವರು ಹೇಳಿ. ನಮ್ಮ ಸೋದರಮಾವ ಸಿಲ್ವರ್ ಮರಕ್ಕೆ ಏಣಿ ಹಾಕಿ ಮೆಣಸು ಕೊಯ್ಯುತ್ತಿದ್ದಾಗ ಜಾರಿ ಬಿದ್ದರು. ಕೈ ಊರಿಕೊಂಡೇ ಬಿದ್ದಿದ್ದಾರೆ. ಮಣಿಕಟ್ಟು ಊದಿಕೊಂಡು ಸೊಟ್ಟ ಆಗಿದೆ. ಎಕ್ಸ್‌ರೇ ಆಯಿತು, ಸದ್ಯಕ್ಕೆ ಅರ್ಧ ಪಟ್ಟಿ ಕಟ್ಟಿ ಕಳಿಸಿದ್ದಾರೆ. ಒಬ್ಬ ಡಾಕ್ಟರು ಎಳೆದು ಕೂರಿಸಿ ಪಿಓಪಿ (ಪ್ಲಾಸ್ಟರ್ ಪಟ್ಟಿ) ಹಾಕೋಣ ಅಂದರು, ಇನ್ನೊಬ್ಬರು ಆಪರೇಷನ್ ಮಾಡಿ ಲೋಹದ ಪ್ಲೇಟ್ ಹಾಕದಿದ್ದರೆ ಕೈ ಸರಿಯಾಗಿ ತಿರುಗುವುದಿಲ್ಲ ಅಂದರು. ಮನೆಯಲ್ಲಿ ಅತ್ತೆ, ದೊಡ್ಡವರೆಲ್ಲ ನಾಟಿ ಕಟ್ಟು ಹಾಕಿಸೋಣ ಅಂತ ಹಠ ಹಿಡಿದಿದ್ದಾರೆ. ರಿಪೋರ್ಟಿನಲ್ಲಿ ‘ಡಿಸ್ಪ್ಲೇಸ್ಡ್’, ‘ಕಮಿನ್ಯೂಟೆಡ್’, ‘ಇಂಟ್ರಾ ಆರ್ಟಿಕ್ಯುಲರ್’ ಅಂತೆಲ್ಲ ಬರೆದಿದೆ. ಒಂದೇ ಕೈಗೆ ಮೂರು ಜನ ಮೂರು ದಾರಿ ಹೇಳಿದರೆ ನಾವು ಯಾವುದನ್ನು ನಂಬಬೇಕು?

ಆಲ್ದೂರು_ತೋಟ
ವಯಸ್ಸೆಷ್ಟು? ಯಾವ ಕೈ? ಸಕ್ಕರೆ ಕಾಯಿಲೆ ಇದೆಯಾ?

ಮೂಡಿಗೆರೆ_ಮೆಣಸು
58. ಬಲಗೈ. ಶುಗರ್ ಇಲ್ಲ. ಬೀಡಿ ಸೇದುತ್ತಾರೆ.

ಅರಕಲಗೂಡು_ಗೌಡ
ನಾಟಿ ಕಟ್ಟನ್ನು ಹಗುರವಾಗಿ ನೋಡಬೇಡಿ. ನಮ್ಮ ಅಜ್ಜಿಗೆ ಕೈ ಮುರಿದಾಗ ಪಂಡಿತರ ಹತ್ತಿರ ಕಟ್ಟಿಸಿದ್ದು. ಸೊಪ್ಪಿನ ರಸ, ಮೊಟ್ಟೆ ಲೋಳೆ, ಬಿದಿರಿನ ದಬ್ಬೆ, ಇಷ್ಟೇ. ಆಮೇಲೆ ಅದೇ ಕೈಯಲ್ಲಿ ಮುದ್ದೆ ತಿರುವಿದರು. ಒಂದು ಕುಯ್ತ ಇಲ್ಲ, ಒಂದು ಸ್ಕ್ರೂ ಇಲ್ಲ. ಈಗ ಏನಾದರೂ ಆದರೆ ಸಾಕು, ಪ್ಲೇಟ್, ರಾಡ್, ಲಕ್ಷ ರೂಪಾಯಿ ಬಿಲ್.

ಮೂಳೆ_ವಿಭಾಗ_ಹಾಸನ
ನಾನು ಮೂಳೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಎಕ್ಸ್‌ರೇ ನೋಡದೆ ತೀರ್ಪು ಕೊಡುವುದಿಲ್ಲ, ಆದರೆ ರಿಪೋರ್ಟಿನಲ್ಲಿ ಬರೆದದ್ದನ್ನು ಬಿಡಿಸಿ ಹೇಳುತ್ತೇನೆ.

ಡಿಸ್ಪ್ಲೇಸ್ಡ್ ಅಂದರೆ ಮುರಿದ ತುಂಡು ತನ್ನ ಜಾಗ ಬಿಟ್ಟು ಸರಿದಿದೆ. ಕಮಿನ್ಯೂಟೆಡ್ ಅಂದರೆ ಎರಡಲ್ಲ, ಹಲವು ಚೂರಾಗಿದೆ. ಇಂಟ್ರಾ ಆರ್ಟಿಕ್ಯುಲರ್ ಅಂದರೆ ಬಿರುಕು ಕೀಲಿನ ಒಳಗೇ ಹೋಗಿದೆ, ಎರಡು ಮೂಳೆ ಸೇರಿ ಜಾರುವ ನುಣುಪು ಜಾಗವೇ ಒಡೆದಿದೆ. ಈ ಮೂರನೆಯದೇ ಇಲ್ಲಿ ಮುಖ್ಯ. ಕೀಲಿನ ಮೇಲ್ಮೈಯಲ್ಲಿ ಸುಮಾರು 2 ಮಿಲಿಮೀಟರ್‌ಗಿಂತ ಜಾಸ್ತಿ ಮೆಟ್ಟಿಲಿನಂಥ ಏರುತಗ್ಗು ಉಳಿದರೆ ಮುಂದೆ ಸವೆತ, ನೋವು ಬರುವ ಸಾಧ್ಯತೆ ಜಾಸ್ತಿ. ಅದಕ್ಕೇ ಎರಡನೇ ಡಾಕ್ಟರು ಪ್ಲೇಟ್ ಅಂದಿರಬೇಕು. ಮೊದಲನೆಯವರೂ ತಪ್ಪು ಹೇಳಿಲ್ಲ. ಎಳೆದು ಕೂರಿಸಿದ ಮೇಲೆ ತುಂಡುಗಳು ಚೆನ್ನಾಗಿ ಕೂತರೆ ಪಿಓಪಿ ಸಾಕು. ಆದರೆ ಮೊದಲ ಎರಡು ವಾರ ವಾರಕ್ಕೊಂದು ಎಕ್ಸ್‌ರೇ ತೆಗೆಸಲೇಬೇಕು. ಊತ ಇಳಿದ ಹಾಗೆ ಪಟ್ಟಿ ಸಡಿಲ ಆಗಿ, ಒಳಗೆ ಮೂಳೆ ಮತ್ತೆ ಜಾರುತ್ತದೆ. ಚೂರಾದ ಮೂಳೆಯಲ್ಲಿ ಇದು ತುಂಬಾ ಸಾಮಾನ್ಯ.

ಗೌಡ್ರೇ, ಅಜ್ಜಿಯ ಕೈ ಕೂಡಿದ್ದು ನಿಜವೇ. ಜರುಗದ ಬಿರುಕು ಯಾರು ಕಟ್ಟಿದರೂ ಕೂಡುತ್ತದೆ, ಅಲ್ಲಾಡದೆ ಇದ್ದರೆ ಸಾಕು. ಮೂಳೆ ಕೂಡಿಸುವುದು ದೇಹ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಎರಡು ಮೂರು ವಾರದಲ್ಲಿ ಮೆದು ಎಲುಬು ಬೆಳೆಯುತ್ತದೆ, ಆಮೇಲೆ ಅದು ಗಟ್ಟಿಯಾಗುತ್ತದೆ, ಹಳೆಯ ಆಕಾರಕ್ಕೆ ಬರಲು ತಿಂಗಳುಗಳೇ ಬೇಕು. ನಾವು ಮಾಡುವುದು ಸರಿಯಾದ ಜಾಗದಲ್ಲಿ ಹಿಡಿದಿಡುವ ಕೆಲಸ ಮಾತ್ರ. ಎಕ್ಸ್‌ರೇ ಇಲ್ಲದೆ ಯಾವುದು ಜರುಗಿದೆ, ಯಾವುದು ಜರುಗಿಲ್ಲ ಅಂತ ಪಂಡಿತರಿಗೆ ಹೇಗೆ ಗೊತ್ತಾಗಬೇಕು?

ಅರಕಲಗೂಡು_ಗೌಡ
ಕೈಯಲ್ಲಿ ಮುಟ್ಟಿ ನೋಡಿಯೇ ಹೇಳುತ್ತಾರೆ ಸಾರ್. ತಲೆಮಾರಿನ ವಿದ್ಯೆ.

ಕೊಪ್ಪದ_ಸೊಸೆ
ಮುಟ್ಟಿ ನೋಡುವವರ ಬಗ್ಗೆ ನನಗೂ ಗೌರವ ಇತ್ತು ಅಣ್ಣಾ. ಆದರೆ ನಮ್ಮ ಪಕ್ಕದ ಮನೆ ಹುಡುಗ ಸೀಬೆ ಮರದಿಂದ ಬಿದ್ದು ಮೊಣಕೈ ಮೇಲೆ ಮುರಿದುಕೊಂಡ. ಸಂಜೆ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿಸಿಕೊಂಡು ಬಂದರು. ಮಗು ರಾತ್ರಿಯೆಲ್ಲ ಅಳುತ್ತಲೇ ಇತ್ತು. ಮುರಿದ ಮೇಲೆ ನೋವು ಇರುತ್ತದೆ ಅಂತ ಎಲ್ಲರೂ ಸಮಾಧಾನ ಹೇಳಿದರು. ಬೆಳಿಗ್ಗೆ ಬೆರಳೆಲ್ಲ ತಣ್ಣಗೆ, ಬಣ್ಣ ಕಪ್ಪಿಟ್ಟಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಮುಂಗೈ ಸ್ನಾಯು ಸತ್ತಿತ್ತು. ಈಗ ಬೆರಳು ಒಳಗೆ ಮಡಚಿಕೊಂಡೇ ಇವೆ. ಪೆನ್ನು ಎಡಗೈಯಲ್ಲಿ ಹಿಡಿಯುತ್ತಾನೆ. ಮೂಳೆ ಮಾತ್ರ ಚೆನ್ನಾಗಿ ಕೂಡಿದೆ.

ಮೂಳೆ_ವಿಭಾಗ_ಹಾಸನ
ಅಕ್ಕ ಹೇಳಿದ್ದನ್ನು ಎಲ್ಲರೂ ದಯವಿಟ್ಟು ಇನ್ನೊಂದು ಸಲ ಓದಿ. ಇದಕ್ಕೆ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಅನ್ನುತ್ತಾರೆ. ಮುರಿದ ಜಾಗದಲ್ಲಿ ಊತ ಏರುತ್ತಿರುತ್ತದೆ, ಹೊರಗಿನಿಂದ ಬಿಗಿ ಕಟ್ಟು ಬೇರೆ. ಒಳಗಿನ ಒತ್ತಡಕ್ಕೆ ರಕ್ತ ಓಡಾಟ ನಿಲ್ಲುತ್ತದೆ. ಆರು ಗಂಟೆ ದಾಟಿದರೆ ಸ್ನಾಯು ಉಳಿಸುವುದು ಕಷ್ಟ. ಬೆರಳು ಮಡಚಿಕೊಳ್ಳುವ ಆ ಊನಕ್ಕೆ ಫೋಕ್‌ಮನ್ ಕಾಂಟ್ರಾಕ್ಚರ್ ಅಂತ ಹೆಸರು.

ಗುರುತು ಏನು? ಪಟ್ಟಿ ಹಾಕಿದ ಮೇಲೆ ನೋವು ಕಡಿಮೆ ಆಗಬೇಕು. ಮಾತ್ರೆ ಕೊಟ್ಟರೂ ಏರುತ್ತಲೇ ಹೋದರೆ, ಬೆರಳನ್ನು ಬೇರೆಯವರು ಹಿಡಿದು ನೇರ ಮಾಡಿದಾಗ ಮಗು ಕಿರುಚಿಕೊಂಡರೆ, ಜೋಮು ಹಿಡಿದರೆ, ಕಾಯಬೇಡಿ. ಬೆರಳು ಕಪ್ಪಗಾಗುವ ತನಕ ಕಾದರೆ ಆಗಲೇ ತಡವಾಗಿರುತ್ತದೆ. ಇದು ನಾಟಿ ಕಟ್ಟಿಗೆ ಮಾತ್ರ ಅಲ್ಲ, ಆಸ್ಪತ್ರೆಯ ಪಿಓಪಿಗೂ ಅನ್ವಯ. ಅದಕ್ಕೇ ಹೊಸದಾಗಿ ಮುರಿದಾಗ ಸುತ್ತ ಪೂರ್ತಿ ಪಟ್ಟಿ ಹಾಕದೆ ಅರ್ಧ ಪಟ್ಟಿ, ಅಂದರೆ ಸ್ಲ್ಯಾಬ್ ಕಟ್ಟಿ ಕಳಿಸುವುದು. ಊತ ಇಳಿದ ಮೇಲೆ ಪೂರ್ತಿ ಪಟ್ಟಿ.

ಮೂಡಿಗೆರೆಯವರೇ, ಮಾವನಿಗೆ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳಲ್ಲಿ ಜೋಮು ಇದೆಯಾ ಕೇಳಿ. ಇದ್ದು, ಅದು ಜಾಸ್ತಿ ಆಗುತ್ತಿದ್ದರೆ ನರ ಒತ್ತುತ್ತಿದೆ. ಇವತ್ತೇ ಹೋಗಬೇಕು.

ಮೂಡಿಗೆರೆ_ಮೆಣಸು
ಕೇಳಿದೆ ಸರ್. ಜೋಮು ಇಲ್ಲ, ಬೆರಳು ಆಡಿಸುತ್ತಾರೆ. ಕೊಪ್ಪದ ಅಕ್ಕ ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ. ಸುಮ್ನೆ ಕೂತರು.

ಬೇಲೂರು_ಮೇಷ್ಟ್ರು
ಬಿಗಿ ಕಟ್ಟಿನ ವಿಷಯಕ್ಕೆ ನನ್ನದೊಂದು ಮಾತು. ನಾಟಿ ಪದ್ಧತಿಯನ್ನು ಹೊಗಳುವವರು ಸುಶ್ರುತನ ಹೆಸರು ತೆಗೆಯುತ್ತಾರೆ. ಸುಶ್ರುತ ಸಂಹಿತೆಯಲ್ಲಿ ಮೂಳೆ ಮುರಿತಕ್ಕೆ 12 ಬಗೆ, ಕೀಲು ತಪ್ಪುವುದಕ್ಕೆ 6 ಬಗೆ ಹೇಳಿದೆ. ಆ ಕಾಲಕ್ಕೇ ಅಷ್ಟು ಸೂಕ್ಷ್ಮವಾಗಿ ನೋಡಿದ್ದರು. ಕಟ್ಟು ಸಡಿಲ ಇದ್ದರೆ ಮೂಳೆ ನಿಲ್ಲುವುದಿಲ್ಲ, ಬಿಗಿ ಆದರೆ ಊತ, ನೋವು, ಕೀವು, ಹಾಗಾಗಿ ಹದವಾಗಿ ಕಟ್ಟಬೇಕು ಅಂತ ಅದರಲ್ಲೇ ಇದೆ. ಅಂದರೆ ಬಿಗಿಯಾಗಿ ಕಟ್ಟುವವರು ಸುಶ್ರುತನ ಮಾತನ್ನೂ ಮೀರುತ್ತಿದ್ದಾರೆ.

ಇನ್ನು ಒಳಗನ್ನು ನೋಡುವ ಎಕ್ಸ್‌ರೇ ಬಂದಿದ್ದೇ 1895ರಲ್ಲಿ, ರಾಂಟ್ಜನ್ ಕಂಡುಹಿಡಿದದ್ದು. ಈ ಮಣಿಕಟ್ಟಿನ ಮುರಿತವನ್ನು ಐರ್ಲೆಂಡಿನ ಏಬ್ರಹಾಂ ಕಾಲಿಸ್ 1814ರಲ್ಲೇ ಬರೆದಿದ್ದರು. ಅವರ ಹೆಸರಲ್ಲೇ ಕಾಲಿಸ್ ಫ್ರ್ಯಾಕ್ಚರ್ ಅನ್ನುತ್ತಾರೆ.

ಅರಕಲಗೂಡು_ಗೌಡ
ನೋಡಿ ಮೇಷ್ಟ್ರೇ, ಎಕ್ಸ್‌ರೇ ಇಲ್ಲದೆಯೇ ಬರೆದರಲ್ಲ! ಮುಟ್ಟಿ ನೋಡಿ ಹೇಳಬಹುದು ಅನ್ನೋದಕ್ಕೆ ಅದೇ ಸಾಕ್ಷಿ.

ಮೂಳೆ_ವಿಭಾಗ_ಹಾಸನ
ಮುರಿದಿದೆ ಅಂತ ಮುಟ್ಟಿ ಹೇಳಬಹುದು, ಒಪ್ಪುತ್ತೇನೆ. ಎಷ್ಟು ಚೂರಾಗಿದೆ, ಕೀಲಿಗೆ ಹೋಗಿದೆಯಾ ಅಂತ ಹೇಳಲಾಗುವುದಿಲ್ಲ. ಚಿಕಿತ್ಸೆ ನಿಂತಿರುವುದು ಅದರ ಮೇಲೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮುಂದೆ ಯಾರಿಗಾದರೂ ಉಪಯೋಗ ಆಗಲಿ. ಚಿಕ್ಕ ಮಕ್ಕಳ ಮೂಳೆ ಪೂರ್ತಿ ಮುರಿಯದೆ ಹಸಿ ಕಡ್ಡಿ ಬಗ್ಗಿಸಿದ ಹಾಗೆ ಒಂದು ಕಡೆ ಮಾತ್ರ ಸೀಳುತ್ತದೆ. ಬಹಳಷ್ಟು ಸಲ ಪಟ್ಟಿ ಸಾಕು, ಸಣ್ಣ ಸೊಟ್ಟ ಬೆಳೆಯುತ್ತಾ ತಾನೇ ಸರಿಹೋಗುತ್ತದೆ. ಆದರೆ ಮಕ್ಕಳ ಮೂಳೆ ತುದಿಯಲ್ಲಿ ಬೆಳವಣಿಗೆಯ ತಟ್ಟೆ ಇರುತ್ತದೆ. ಅಲ್ಲಿ ಪೆಟ್ಟಾದರೆ ಕೈಕಾಲು ಗಿಡ್ಡ ಅಥವಾ ಸೊಟ್ಟ ಬೆಳೆಯಬಹುದು, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕೈಕಾಲು ತಿರುಚಿದಾಗ ಸುರುಳಿಯಾಗಿ ಸೀಳುತ್ತದೆ, ಅಡ್ಡ ಪೆಟ್ಟಿಗೆ ಅಡ್ಡಲಾಗಿ ತುಂಡಾಗುತ್ತದೆ. ದೊಡ್ಡವರ ತೊಡೆ ಮೂಳೆಗೆ ಬರೀ ಪಟ್ಟಿ ಸಾಲುವುದಿಲ್ಲ. ತೊಡೆಯ ಸ್ನಾಯು ಅಷ್ಟು ಜೋರಾಗಿ ಎಳೆಯುತ್ತದೆ, ಮೂಳೆ ಒಂದರ ಮೇಲೊಂದು ಏರಿಬಿಡುತ್ತದೆ. ಮೂಳೆಯ ಒಳಗೆ ರಾಡ್ ಕೂರಿಸುವುದೇ ಈಗಿನ ರೂಢಿ. ಕೊರಳ ಪಟ್ಟಿ ಮೂಳೆಗೆ ಬಹುಪಾಲು ಜೋಳಿಗೆ ಕಟ್ಟಿದರೆ ಸಾಕು. ಪಕ್ಕೆಲುಬು ಮುರಿದರೆ ಎದೆಗೆ ಬಿಗಿಯಾಗಿ ಬಟ್ಟೆ ಸುತ್ತಲೇಬೇಡಿ. ಉಸಿರು ಮೇಲೆ ಮೇಲೆ ಆಡಿ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ. ನೋವಿನ ಮಾತ್ರೆ ತೆಗೆದುಕೊಂಡು ದೊಡ್ಡದಾಗಿ ಉಸಿರು ಎಳೆಯುವುದೇ ಚಿಕಿತ್ಸೆ.

ಸಕಲೇಶಪುರ_ಏಲಕ್ಕಿ
ಮೂಳೆ ಹೊರಗೆ ಬಂದರೆ? ನಮ್ಮ ಲೈನ್ ಮನೆ ಹುಡುಗನಿಗೆ ಬೈಕಿನಲ್ಲಿ ಆಗಿತ್ತು. ಜನ ಕಾಫಿ ಪುಡಿ ತುಂಬಿ ಬಟ್ಟೆ ಸುತ್ತಿ ಕಳಿಸಿದ್ದರು.

ಮೂಳೆ_ವಿಭಾಗ_ಹಾಸನ
ಕಾಫಿ ಪುಡಿ, ಅರಿಶಿನ, ಸೊಪ್ಪು ಯಾವುದೂ ಬೇಡ. ದಯವಿಟ್ಟು ಈ ಒಂದನ್ನು ತೋಟದ ಆಳುಗಳಿಗೆಲ್ಲ ಹೇಳಿ. ಗಾಯದ ಒಳಗೆ ಹೋದ ಪುಡಿಯನ್ನೆಲ್ಲ ಆಪರೇಷನ್ ಟೇಬಲ್ ಮೇಲೆ ತೊಳೆದು ತೆಗೆಯಬೇಕು. ಹೊರಬಂದ ಮೂಳೆಯನ್ನು ಒಳಗೆ ತಳ್ಳಬೇಡಿ. ಶುದ್ಧ ಬಟ್ಟೆ ಮುಚ್ಚಿ, ರಕ್ತ ಸುರಿಯುತ್ತಿದ್ದರೆ ಒತ್ತಿ ಹಿಡಿದು, ಕಾಲು ಅಲ್ಲಾಡದ ಹಾಗೆ ಹಲಗೆ ಕಟ್ಟಿ ಹೊರಡಿ. ಆ್ಯಂಟಿಬಯೋಟಿಕ್ ಎಷ್ಟು ಬೇಗ ಬಿದ್ದರೆ ಅಷ್ಟು ಒಳ್ಳೆಯದು, ಒಂದು ಗಂಟೆಯೊಳಗೆ ಸಿಕ್ಕರೆ ಉತ್ತಮ. ಟಿಟಿ ಇಂಜೆಕ್ಷನ್ನೂ ಬೇಕು. ಗಾಯ ದೊಡ್ಡದಿದ್ದರೆ ಮೊದಲು ಹೊರಗಿನಿಂದ ಕಂಬಿ ಚೌಕಟ್ಟು ಹಾಕಿ ಹಿಡಿಯುತ್ತೇವೆ, ಗಾಯ ಸರಿಹೋದ ಮೇಲೆ ರಾಡ್. ಮೊಣಕಾಲ ಕೆಳಗಿನ ಮೂಳೆಗೆ ಮುಂದುಗಡೆ ಬರೀ ಚರ್ಮದ ಹೊದಿಕೆ. ಅದಕ್ಕೇ ಅದು ಬೇಗ ಹೊರಬರುತ್ತದೆ, ನಿಧಾನವಾಗಿ ಕೂಡುತ್ತದೆ.

ಕೊಟ್ಟಿಗೆಹಾರ_ಮಂಜು
ಆಂಬುಲೆನ್ಸ್ ಕೆಲಸದಲ್ಲಿ ಇರುವವನು ನಾನು. ಇಲ್ಲಿ ಎಲ್ಲರೂ ಕೈ ಬಗ್ಗೆಯೇ ಮಾತಾಡುತ್ತಿದ್ದೀರಿ. ಏಣಿಯಿಂದ, ಅಡಿಕೆ ಮರದಿಂದ ಬಿದ್ದವರಲ್ಲಿ ನನಗೆ ಭಯ ಬೆನ್ನುಮೂಳೆಯದು. ಬಿದ್ದವನನ್ನು ನಾಲ್ಕು ಜನ ಕೈಕಾಲು ಹಿಡಿದು ಎತ್ತಿ, ಮಡಚಿ ಜೀಪಿನ ಹಿಂದೆ ಕೂರಿಸಿ, ತೋಟದ ರಸ್ತೆಯಲ್ಲಿ ಕುಲುಕಿಸಿಕೊಂಡು ಬರುತ್ತಾರೆ. ಬೀಳುವಾಗ ಉಳಿದಿದ್ದ ಕಾಲಿನ ಶಕ್ತಿ ಎತ್ತುವಾಗ ಹೋಗಬಹುದು. ಬೆನ್ನು, ಕುತ್ತಿಗೆ ನೋವು ಅಂದರೆ ಅಲ್ಲೇ ಮಲಗಿಸಿ 108ಕ್ಕೆ ಫೋನ್ ಮಾಡಿ. ನೆಟ್‌ವರ್ಕ್ ಇಲ್ಲ, ಬರುವುದು ತಡ ಅಂತಾದರೆ ತಲೆ, ಬೆನ್ನು, ಸೊಂಟ ಒಂದೇ ನೇರದಲ್ಲಿ ಇಟ್ಟು, ಹಲಗೆ ಅಥವಾ ಬಾಗಿಲ ಮೇಲೆ ಮಲಗಿಸಿಯೇ ತನ್ನಿ. ನೀರು ಕುಡಿಸಬೇಡಿ, ಕೂರಿಸಬೇಡಿ.

ಮೂಳೆ_ವಿಭಾಗ_ಹಾಸನ
ಮಂಜು ಅವರ ಮಾತಿಗೆ ಸೇರಿಸುತ್ತೇನೆ. ಎತ್ತರದಿಂದ ಕಾಲೂರಿ ಬಿದ್ದು ಹಿಮ್ಮಡಿ ಮೂಳೆ ಒಡೆದಿದ್ದರೆ ಬೆನ್ನಿನ ಎಕ್ಸ್‌ರೇ ಕೂಡ ಮಾಡಿಸಲೇಬೇಕು. ಅದೇ ಏಟು ಮೇಲಕ್ಕೆ ಹೋಗಿ ಸೊಂಟದ ಹತ್ತಿರ ಬೆನ್ನುಮೂಳೆಯನ್ನು ಜಜ್ಜಿರುತ್ತದೆ. ಹಿಮ್ಮಡಿ ನೋವಿನಲ್ಲಿ ಬೆನ್ನು ಮರೆತುಹೋಗುತ್ತದೆ.

ಆಲ್ದೂರು_ತೋಟ
ಏಣಿ ವಿಷಯ ಬಂತು ಅಂತ ಹೇಳುತ್ತೇನೆ. ಈಗ ಎಲ್ಲ ಕಡೆ ಅಲ್ಯೂಮಿನಿಯಂ ಏಣಿ. ಹಗುರ, ಉದ್ದ. ಆದರೆ ಕರೆಂಟ್ ಲೈನಿಗೆ ತಾಗಿದರೆ ಮುಗಿಯಿತು. ನಮ್ಮ ಕಡೆ ತೋಟಗಳಲ್ಲಿ ಜೀವಗಳು ಹೋಗಿವೆ. ಲೈನ್ ಹತ್ತಿರದ ಮರಗಳಿಗೆ ಅದನ್ನು ಒಯ್ಯಲೇಬಾರದು. ಸೊಂಟಕ್ಕೆ ಬೆಲ್ಟ್ ಹಾಕಿ ಮರಕ್ಕೆ ಸಿಕ್ಕಿಸುವುದನ್ನು ಮಾಲೀಕರೇ ಕಡ್ಡಾಯ ಮಾಡಬೇಕು. ಬೆಲ್ಟಿನ ದುಡ್ಡು ಒಂದು ಆಪರೇಷನ್ ಖರ್ಚಿನ ಮುಂದೆ ಏನೂ ಅಲ್ಲ.

ಕಡೂರು_ಕೃಷ್ಣ
ಬೆಲ್ಟ್ ಹಾಕಿದರೆ ಕೆಲಸ ಸಾಗಲ್ಲ ಅಂತ ಆಳುಗಳೇ ಬಿಚ್ಚಿ ಬಿಸಾಡುತ್ತಾರೆ.

ಆಲ್ದೂರು_ತೋಟ
ತೂಕದ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಬಿಚ್ಚದೆ ಏನು ಮಾಡುತ್ತಾರೆ? ದಿನದ ಲೆಕ್ಕದಲ್ಲಿ ಕೊಡಿ, ಹಾಕಿಕೊಳ್ಳುತ್ತಾರೆ. ಇದನ್ನು ಆಳುಗಳ ತಲೆಗೆ ಕಟ್ಟಬೇಡಿ.

ಶೃಂಗೇರಿ_ಅಡಿಕೆ
ನಮ್ಮ ಅಮ್ಮನದು ಬೇರೆ ಕಥೆ. ಮಳೆಗಾಲದಲ್ಲಿ ಅಂಗಳದ ಪಾಚಿ ಮೇಲೆ ಜಾರಿ ಸೊಂಟದ ಹತ್ತಿರ ಮುರಿಯಿತು. ಆ ವಯಸ್ಸಿಗೆ ಆಪರೇಷನ್ ತಡೆಯುತ್ತಾರಾ ಅಂತ ನೆಂಟರೆಲ್ಲ ಹೆದರಿಸಿದರು. ಮನೆಯಲ್ಲೇ ಮಲಗಿಸಿ, ಹಾಗೇ ಕೂಡುತ್ತದೆ ಅಂದವರೇ ಜಾಸ್ತಿ.

ಮೂಳೆ_ವಿಭಾಗ_ಹಾಸನ
ಇದು ನಾನು ದಿನಾ ವಾದ ಮಾಡುವ ವಿಷಯ. ವಯಸ್ಸಾದವರಿಗೆ ತೊಡೆಯ ಮೇಲ್ತುದಿ ಮುರಿದಾಗ ಆಪರೇಷನ್‌ಗಿಂತ ಅಪಾಯ ಹಾಸಿಗೆಯದು. ಮಲಗಿಸಿಟ್ಟರೆ ಬೆನ್ನುಹುಣ್ಣು, ಎದೆಯಲ್ಲಿ ಕಫ, ಮೂತ್ರದ ಸೋಂಕು, ಕಾಲಿನಲ್ಲಿ ರಕ್ತ ಹೆಪ್ಪು, ಒಂದಾದ ಮೇಲೊಂದು ಬರುತ್ತವೆ. ಆದಷ್ಟೂ 48 ಗಂಟೆಯೊಳಗೆ ಆಪರೇಷನ್ ಆಗಬೇಕು ಅನ್ನುವುದು ಈಗ ಎಲ್ಲೆಡೆ ಒಪ್ಪಿದ ಮಾತು. ತೊಡೆ ಮೂಳೆಯ ಕುತ್ತಿಗೆ, ಅಂದರೆ ಅದರ ಗುಂಡು ತಲೆಯ ಕೆಳಗಿನ ಭಾಗ, ಮುರಿದು ಜರುಗಿದ್ದರೆ ಆ ತಲೆಗೆ ರಕ್ತ ಸರಿಯಾಗಿ ಹೋಗುವುದಿಲ್ಲ, ಕೂಡುವುದು ಅನುಮಾನ. ಆಗ ಆ ತಲೆಯನ್ನೇ ತೆಗೆದು ಲೋಹದ್ದು ಕೂರಿಸುತ್ತಾರೆ. ಅದರ ಸ್ವಲ್ಪ ಕೆಳಗೆ ಮುರಿದರೆ ರಾಡ್, ಸ್ಕ್ರೂ. ಎರಡರಲ್ಲೂ ಗುರಿ ಒಂದೇ, ಮಾರನೇ ದಿನವೇ ವಾಕರ್ ಹಿಡಿದು ನಿಲ್ಲಿಸುವುದು.

ಶೃಂಗೇರಿ_ಅಡಿಕೆ
ಹೌದು, ಅಮ್ಮನಿಗೂ ರಾಡ್ ಹಾಕಿದರು, ಮಾರನೇ ದಿನ ನಿಲ್ಲಿಸಿದರು. ಈಗ ಕೋಲು ಹಿಡಿದು ತುಳಸಿ ಕಟ್ಟೆ ತನಕ ಹೋಗುತ್ತಾರೆ. ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿದ್ದೇವೆ. ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡುವ ಸಾಂದ್ರತೆ ಪರೀಕ್ಷೆಯಲ್ಲಿ ಟಿ ಸ್ಕೋರ್ ಮೈನಸ್ 3ಕ್ಕಿಂತ ಕೆಳಗಿತ್ತು.

ಮೂಳೆ_ವಿಭಾಗ_ಹಾಸನ
ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಹೋದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ಅದಕ್ಕೆ ಬೇರೆಯೇ ಔಷಧಿ ಬೇಕು, ಕೇಳಿ ಶುರು ಮಾಡಿಸಿ. ಇಲ್ಲದಿದ್ದರೆ ಇನ್ನೊಂದು ಕಡೆ ಮುರಿಯುತ್ತದೆ.

ಚನ್ನರಾಯಪಟ್ಟಣ_ರನ್ನರ್
ಪೊಲೀಸ್ ಕೆಲಸಕ್ಕೆ ಓಟ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಮೊಣಕಾಲ ಕೆಳಗೆ ಒಂದೇ ಜಾಗದಲ್ಲಿ ಬೆರಳಿಟ್ಟರೆ ನೋವು. ಬಿದ್ದಿಲ್ಲ, ಏಟಾಗಿಲ್ಲ. ಎಕ್ಸ್‌ರೇ ನಾರ್ಮಲ್ ಅಂದರು. ಓಡಬಹುದಾ?

ಫಿಸಿಯೋ_ಅಕ್ಕ
ಓಡಬೇಡ ತಮ್ಮಾ. ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸುವ ನೋವು ಅಂದರೆ ಸ್ಟ್ರೆಸ್ ಫ್ರ್ಯಾಕ್ಚರ್ ಅನುಮಾನ ಪಡಬೇಕು. ಕೂದಲೆಳೆಯಷ್ಟು ಬಿರುಕು ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಎರಡು ಮೂರು ವಾರ ಬಿಟ್ಟು ತೆಗೆದರೆ ಕಾಣಬಹುದು, ಎಂಆರ್‌ಐಯಲ್ಲಿ ಮೊದಲೇ ಗೊತ್ತಾಗುತ್ತದೆ. ಆರರಿಂದ ಎಂಟು ವಾರ ಓಟ ನಿಲ್ಲಿಸು, ಈಜು, ಸೈಕಲ್ ನೋವಿಲ್ಲದೆ ಆದರೆ ಮಾಡು. ಹಠ ಮಾಡಿ ಓಡಿದರೆ ಬಿರುಕು ಪೂರ್ತಿ ಮುರಿತ ಆಗುತ್ತದೆ.

ಇದೇ ತರ ಮೋಸ ಮಾಡುವ ಇನ್ನೊಂದು ಮೂಳೆ ಹೆಬ್ಬೆರಳ ಬುಡದಲ್ಲಿದೆ, ಸ್ಕ್ಯಾಫಾಯ್ಡ್ ಅಂತ. ಕೈ ಊರಿ ಬಿದ್ದ ಮೇಲೆ ಹೆಬ್ಬೆರಳ ಬುಡದ ಗುಳಿ ಒತ್ತಿದರೆ ನೋವು, ಎಕ್ಸ್‌ರೇ ಮಾತ್ರ ಸರಿ. ಉಳುಕು ಅಂತ ಎಣ್ಣೆ ಹಚ್ಚಿ ತಿಕ್ಕುತ್ತಾರೆ. 10ರಿಂದ 14 ದಿನ ಪಟ್ಟಿಯಲ್ಲಿಟ್ಟು ಮತ್ತೆ ಎಕ್ಸ್‌ರೇ ತೆಗೆಸಬೇಕು. ಬಿಟ್ಟರೆ ರಕ್ತ ಸಿಗದೆ ಆ ಮೂಳೆಯ ಅರ್ಧ ಸಾಯುತ್ತದೆ.

ಅರಕಲಗೂಡು_ಗೌಡ
ಊಟದ ಬಗ್ಗೆ ಯಾರೂ ಹೇಳಲಿಲ್ಲ. ಕಾಲು ಸೂಪ್ ಕುಡಿಸಿ, ಬೇಗ ಕೂಡುತ್ತದೆ.

ಫಿಸಿಯೋ_ಅಕ್ಕ
ಕುಡಿಸಿ, ತಪ್ಪಿಲ್ಲ. ಆದರೆ ಕಾಲು ಸೂಪಿನಲ್ಲಿ ಕ್ಯಾಲ್ಸಿಯಂ ಕಡಿಮೆಯೇ. ನಮ್ಮ ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಇದೆ. ಮುದ್ದೆ, ಹಾಲು, ಮೊಟ್ಟೆ, ಬೇಳೆ, ಬಿಸಿಲು, ಇಷ್ಟು ಮಾಡಿ. ಎಲ್ಲಕ್ಕಿಂತ ಮುಖ್ಯ, ಮಾವನಿಗೆ ಬೀಡಿ ಬಿಡಿಸಿ. ಹೊಗೆಯಿಂದ ರಕ್ತನಾಳ ಕಿರಿದಾಗಿ ಮೂಳೆ ತಡವಾಗಿ ಕೂಡುತ್ತದೆ, ಕೆಲವರಿಗೆ ಕೂಡುವುದೇ ಇಲ್ಲ. ಆಪರೇಷನ್ ಗಾಯಕ್ಕೂ ಅದು ಕೆಟ್ಟದ್ದು.

ಇನ್ನೊಂದು ಮಾತು. ಪಿಓಪಿ ಹಾಕಿದ ದಿನದಿಂದಲೇ ಬೆರಳು, ಮೊಣಕೈ, ಭುಜ ಆಡಿಸಬೇಕು. ಕೈಯನ್ನು ಎದೆಗಿಂತ ಮೇಲೆ ಇಟ್ಟುಕೊಳ್ಳಿ. ಕೆರೆತ ಅಂತ ಒಳಗೆ ಕಡ್ಡಿ ಹಾಕಬೇಡಿ, ಚರ್ಮ ಕಿತ್ತು ಕೀವು ಆಗುತ್ತದೆ. ಜೋಳಿಗೆಯಲ್ಲಿ ಕೈ ನೇತುಹಾಕಿಕೊಂಡು ಆರು ವಾರ ಸುಮ್ನೆ ಕೂತವರ ಭುಜ ಬಿಡಿಸಲು ಆಮೇಲೆ ತಿಂಗಳುಗಟ್ಟಲೆ ಒದ್ದಾಡಬೇಕು.

ಮೂಡಿಗೆರೆ_ಮೆಣಸು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾಟಿ ಕಟ್ಟು ಬೇಡ ಅಂತ ತೀರ್ಮಾನ ಆಯಿತು. ನಾಳೆ ಹಾಸನಕ್ಕೆ ಹೋಗಿ ಸಿಟಿ ಸ್ಕ್ಯಾನ್ ಮಾಡಿಸಿ, ಕೀಲು ಎಷ್ಟು ಒಡೆದಿದೆ ನೋಡಿ ಪ್ಲೇಟೋ ಪಿಓಪಿಯೋ ಅಂತ ಕೇಳುತ್ತೇವೆ. ಪ್ಲೇಟ್ ಆದರೆ ದುಡ್ಡಿನದೇ ಚಿಂತೆ. ಬಿಪಿಎಲ್ ಕಾರ್ಡ್ ಇದೆ.

ಸಕಲೇಶಪುರ_ಏಲಕ್ಕಿ
ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಿ. ಖಾಸಗಿಗೆ ಬೇಕಾದರೆ ಅವರೇ ರೆಫರಲ್ ಬರೆದು ಕೊಡಬೇಕು. ಆಧಾರ್, ರೇಷನ್ ಕಾರ್ಡ್ ಮರೆಯಬೇಡಿ. ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದು.

ಮೂಳೆ_ವಿಭಾಗ_ಹಾಸನ
ಸರಿಯಾದ ನಿರ್ಧಾರ. ಒಂದು ಎರಡು ವಾರದೊಳಗೆ ಆದರೆ ಸುಲಭ. ಮೂರು ವಾರ ದಾಟಿದರೆ ಸೊಟ್ಟದಲ್ಲೇ ಕೂಡಲು ಶುರುವಾಗುತ್ತದೆ, ಮತ್ತೆ ಒಡೆದು ಸರಿಮಾಡಬೇಕಾಗುತ್ತದೆ. ಮಾವನಿಗೆ 75 ಆಗಿದ್ದು, ಮನೆಯಲ್ಲೇ ಇರುವವರಾಗಿದ್ದರೆ ಸ್ವಲ್ಪ ಸೊಟ್ಟ ಉಳಿದರೂ ಪಿಓಪಿಯೇ ಸಾಕು ಅನ್ನುತ್ತಿದ್ದೆ, ಆ ವಯಸ್ಸಿನಲ್ಲಿ ಕೈ ಕೆಲಸಕ್ಕೆ ಅಷ್ಟು ವ್ಯತ್ಯಾಸ ಆಗುವುದಿಲ್ಲ. ಕತ್ತಿ ಹಿಡಿದು ಕೆಲಸ ಮಾಡುವ ಬಲಗೈ ಅಂದಾಗ ಲೆಕ್ಕ ಬೇರೆ. ಅವರು ಏನು ಕೆಲಸ ಮಾಡುತ್ತಾರೆ ಅಂತ ಡಾಕ್ಟರಿಗೆ ಬಿಡಿಸಿ ಹೇಳಿ.

ಕಡೂರು_ಕೃಷ್ಣ
ಪ್ಲೇಟ್ ಹಾಕಿದರೆ ಆಮೇಲೆ ತೆಗೆಸಲೇಬೇಕಾ? ನನ್ನ ಕಾಲಲ್ಲಿ ರಾಡ್ ಹಾಗೇ ಇದೆ. ಚಳಿಗೆ ಸ್ವಲ್ಪ ಹಿಡಿದ ಹಾಗಾಗುತ್ತದೆ. ಎಂಆರ್‌ಐ ಮಾಡಿಸುವ ಹಾಗಿಲ್ಲ ಅಂತಲೂ ಹೇಳುತ್ತಾರೆ.

ಮೂಳೆ_ವಿಭಾಗ_ಹಾಸನ
ದೊಡ್ಡವರಿಗೆ ತೊಂದರೆ ಇಲ್ಲದಿದ್ದರೆ ತೆಗೆಸಬೇಕಾಗಿಲ್ಲ. ಸ್ಕ್ರೂ ತಲೆ ಚುಚ್ಚುತ್ತಿದ್ದರೆ, ಕೀವು ಆದರೆ, ಮಣಿಕಟ್ಟಿನಲ್ಲಿ ಪ್ಲೇಟು ಬೆರಳು ಆಡಿಸುವ ಸ್ನಾಯುವಿನ ಹುರಿಗೆ ತಾಗುತ್ತಿದ್ದರೆ ತೆಗೆಯುತ್ತೇವೆ. ಕಾಲಿನ ರಾಡ್ ತೆಗೆಯುವುದಾದರೂ ಮೂಳೆ ಪೂರ್ತಿ ಗಟ್ಟಿಯಾದ ಮೇಲೆ, ಸಾಮಾನ್ಯವಾಗಿ ಒಂದೂವರೆ ಎರಡು ವರ್ಷ ಬಿಟ್ಟು. ಮಕ್ಕಳಿಗೆ ಹಾಕಿದ್ದನ್ನು ಬಹಳಷ್ಟು ಸಲ ತೆಗೆಸುತ್ತಾರೆ. ಎಂಆರ್‌ಐಗೆ ಈಗಿನ ಟೈಟಾನಿಯಂ, ಸ್ಟೀಲ್ ರಾಡ್‌ಗಳಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ಮೊದಲೇ ಹೇಳಿ, ಆಪರೇಷನ್ ಚೀಟಿ ತೋರಿಸಿ.

ಕಡೂರು_ಕೃಷ್ಣ
ಹಾಗಾದರೆ ಬಿಟ್ಟುಬಿಡುತ್ತೇನೆ ಸರ್. ಚೀಟಿ ಹುಡುಕಿ ಫೋಟೋ ತೆಗೆದಿಟ್ಟುಕೊಳ್ಳುತ್ತೇನೆ.